ಯಾರ ಕೈಯ ಉಪ್ಪು

ನಲ್ಲೂರು,
೯ ನವೆಂಬರ್ ೨೦೨೫

ನುಜಹತ್‌ಳ ಅಬ್ಬಾ ಅವರಿಗೆ, ಹಜೀರಾಳ ಸಲಾಂ.

ದಿನಾ ವಿಡಿಯೊ ಕಾಲ್‌ನಲ್ಲಿ ಮುಖ ನೋಡುವಾಗ ಈ ಪತ್ರ ಯಾಕೆ ಎಂದುಕೊಳ್ಳುತ್ತೀರಿ. ಕಾಲ್ ಬಂದಾಗ ಪಕ್ಕದಲ್ಲಿ ನಿಮ್ಮ ಅಮ್ಮಿ ಕೂತಿರುತ್ತಾರೆ. ನಾನು ಕೇಳಬೇಕಾದದ್ದು ಅವರೆದುರು ಕೇಳುವಂಥದ್ದಲ್ಲ. ಬರೆಯಲು ಕೂತು ಎಷ್ಟೋ ಸಲ ಎದ್ದಿದ್ದೇನೆ. ತಡವಾಯಿತೆಂದು ಬೇಸರಪಡಬೇಡಿ. ನಿಮ್ಮ ರೂಮಿನ ಮುಬೀನ್ ಭಾಯಿ ರಜೆ ಮುಗಿಸಿ ದಮ್ಮಾಮ್‌ಗೆ ಹೊರಟಿದ್ದಾರೆ, ಅವರ ಕೈಗೆ ಇದನ್ನು ಕೊಡುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ನುಜಹತ್ ಬಸ್ಸಿನಲ್ಲಿ ಚನ್ನಗಿರಿಯ ಕಾಲೇಜಿಗೆ ಹೋಗಿಬರುತ್ತಿದ್ದಾಳೆ. ಪೇಪರ್ ಈಗ ಬೆಳಿಗ್ಗೆ ಬೇಗ ಬರುತ್ತದೆ. ಅಮ್ಮಿ ಏಳುವುದರೊಳಗೆ ಓದಿ ಮುಗಿಸುತ್ತೇನೆ.

ಕಳೆದ ರಂಜಾನ್‌ಗೆ ನೀವು ಬಂದಾಗ ಹುಟ್ಟಿದ ಅನುಮಾನ ನನ್ನಲ್ಲಿ ಇನ್ನೂ ಇದೆ. ಮೊದಲ ದಿನ ಇಫ್ತಾರಿಗೆ ಗಂಜಿ ಬಾಯಿಗಿಟ್ಟು, "ಉಪ್ಪು ಹಾಕೋದೇ ಮರ್ತಿಯೇನೇ?" ಎಂದಿರಿ. ರೋಜಾದಲ್ಲಿ ರುಚಿ ನೋಡದೆ ಮಾಡಿದ್ದೆ, ಕೈ ತಪ್ಪಿರಬೇಕು ಎಂದುಕೊಂಡೆ. ಮರುದಿನ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿ ನೋಡಿದೆ. ಉಪ್ಪು ಸರಿಯಾಗಿತ್ತು. ನಿಮಗೆ ಮಾತ್ರ ಮತ್ತೆ ಸಪ್ಪೆ. "ಬ್ಯಾರೆ ಕೈ ಅಡಿಗೆ ಒಗ್ಗಿದೋನಿಗೆ ಹೆಂಡ್ತಿ ಅಡಿಗೆ ಹೆಂಗೆ ರುಚಿಸ್ತೈತೆ?" ಎಂದರು ಅಮ್ಮಿ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ನನಗೆ ನಗು ಬರಲಿಲ್ಲ.

ಆಮೇಲೆ ಗಮನಿಸತೊಡಗಿದೆ. ಊಟ ಏನು ಎಂದರೆ "ಇದ್ದಿದ್ದೇ" ಎಂದು ಮಾತು ತಿರುಗಿಸುತ್ತೀರಿ. ಯಾವಾಗಲೂ ಒಂದೇ ಗೋಡೆ ಕಾಣುವಂತೆ ಫೋನ್ ಹಿಡಿಯುತ್ತೀರಿ. ಫೋನಿಗೆ ಕಾಣದ ಕಡೆ ಯಾರಿದ್ದಾರೆ, ಯಾರು ಬಡಿಸುತ್ತಾರೆ ಎಂದು ಯೋಚಿಸಿದ್ದೇ ಯೋಚಿಸಿದ್ದು.

ಮೊನ್ನೆ ಮುಬೀನ್ ಭಾಯಿ ತಮ್ಮೂರು ತ್ಯಾವಣಿಗೆಯಿಂದ ಬಂದಾಗ ಊಟಕ್ಕೆ ಕೂರಿಸಿದೆ. "ಭಾಬಿ, ಊರಿಗೆ ಬಂದ್ಮೇಲೆ ಉಪ್ಪು ಸರಿಯಾಗಿರೋದು ನಿಮ್ಮನೇಲಿ ಒಂದೇ ನೋಡ್ರಿ. ನಮ್ಮನೇಲಿ ಎಲ್ಲಾ ಸಪ್ಪೆ" ಎಂದರು. ಇಬ್ಬರದ್ದೂ ಒಂದೇ ಮಾತು! ಬಿಡಲಿಲ್ಲ ನಾನು. "ಅಲ್ಲಿ ಯಾರು ಅಡಿಗೆ ಮಾಡಾಕೆ ಬರ್ತಾರೆ?" ಎಂದೆ.

"ಯಾರು ಬರ್ತಾರ್ರೀ? ಡ್ಯೂಟಿ ಮುಗ್ಸಿ ಬಂದು ಪ್ಯಾಕೆಟ್ ನೂಡಲ್ಸು, ಡಬ್ಬದ ಮೀನು. ಇಲ್ಲಾಂದ್ರೆ ಖುಬೂಸ್ ರೊಟ್ಟಿಗೆ ಉಪ್ಪಿನಕಾಯಿ. ಅವನ ಬಿಪಿ ನೋಡಿ ಡಾಕ್ಟ್ರೇ ಗಾಬರಿಯಾದ್ರು..." ಎಂದವರು ತಟ್ಟನೆ ನೀರು ಕುಡಿದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಆಗಸ್ಟ್‌ನಲ್ಲಿ ಗೋದಾಮಿನಲ್ಲಿ ನೀವು ತಲೆ ತಿರುಗಿ ಬಿದ್ದದ್ದು. ಬಿಪಿ ನೂರ ಎಂಬತ್ತು ದಾಟಿದ್ದು. ಮಾತ್ರೆ ಕೊಟ್ಟಿದ್ದು. "ಭಾಬಿಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾನೆ" ಎಂದರು.

ಮರುದಿನವೇ ಆಸ್ಪತ್ರೆಗೆ ಹೋಗಿ ನರ್ಸ್ ಪ್ರಮೀಳಾಳನ್ನು ಕೇಳಿದೆ. "ಹೊರದೇಶಕ್ಕೆ ಹೋದೋರಿಗೆ ಹಿಂಗಾಗೋದು ಐತೆ ಅಕ್ಕ. ಪ್ಯಾಕೆಟ್ ಊಟ, ನಿದ್ದೆ ಇಲ್ಲ, ಮನೆ ಚಿಂತೆ. ನಾಲಿಗೆ ಉಪ್ಪಿಗೆ ಒಗ್ಗಿಬಿಡ್ತೈತೆ. ಕಮ್ಮಿ ಮಾಡ್ತಾ ಬಂದ್ರೆ ಹಳೇ ರುಚಿ ತಿರುಗಿ ಬರ್ತೈತೆ" ಎಂದಳು.

ಬೇರೆ ಹೆಂಗಸಿನ ಅನುಮಾನ ಹೋಯಿತು. ಆದರೆ ಬಿದ್ದದ್ದನ್ನೇ ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದೀರೋ? ಮಾತ್ರೆ ನುಂಗುತ್ತಿದ್ದೇನೆ ಎಂದು ನೀವು ಹೇಳಿದರೆ ನಾನು ನಂಬುವುದಿಲ್ಲ. ಕಾಲ್ ಮಾಡಿದಾಗ ನನ್ನೆದುರೇ ನುಂಗಿ. ಫೋನ್ ತಿರುಗಿಸಿ ತಟ್ಟೆ ತೋರಿಸಿ. ಅಮ್ಮಿ ಕೇಳಿದರೆ ಉತ್ತರ ನಾನು ಕೊಡುತ್ತೇನೆ.

ಅಲ್ಲಾಹ್ ನಿಮಗೆ ಆರೋಗ್ಯ ಕೊಡಲಿ, ಬರುವ ರಂಜಾನ್‌ಗೆ ಈ ಮನೆಯಲ್ಲೇ ರೋಜಾ ಬಿಡುವಂತೆ ಮಾಡಲಿ.

ನಿಮ್ಮ,
ಹಜೀರಾ

ಮರೆತಿದ್ದೆ: ಮುಂದಿನ ಸಲ ನೀವು ಸಪ್ಪೆ ಅನ್ನಬಾರದೆಂದು, ನೀವು ಹೋದಾಗಿನಿಂದ ನಿಮ್ಮ ನಾಲಿಗೆಯ ಅಳತೆಗೇ ಉಪ್ಪು ಹಾಕುವುದನ್ನು ರೂಢಿಸಿಕೊಂಡೆ. ಅಮ್ಮಿಗೂ ನುಜಹತ್‌ಗೂ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಮತ್ತಷ್ಟು ಬೆರೆಸಿ ನಾನು ಉಣ್ಣುತ್ತೇನೆ. ಮುಬೀನ್ ಭಾಯಿ ಮೆಚ್ಚಿದ್ದು ಆ ಸಾರನ್ನೇ. ಪ್ರಮೀಳಾ ಅವತ್ತು ನನ್ನ ತೋಳಿಗೂ ಬಿಪಿ ನೋಡುವ ಪಟ್ಟಿ ಸುತ್ತಿದಳು. ನೂರ ಅರವತ್ತೆರಡು. "ನೀವು ಯಾವ ದೇಶಕ್ಕೆ ಹೋಗಿದ್ರಿ ಅಕ್ಕ?" ಎಂದು ಕೇಳಿದಳು. ಮನೆಯಲ್ಲಿ ಯಾರಿಗೂ ಹೇಳಕೂಡದೆಂದು ನಾನೂ ಅವಳ ಕೈಲಿ ಆಣೆ ಹಾಕಿಸಿ ಬಂದೆ.