ನೋಡುವ ಪಾಳಿ

ಜೂನ್ 3, ಸೋಮವಾರ. ಬೆಳಿಗ್ಗೆ 7
ಆಸ್ಪತ್ರೆಯಲ್ಲಿ ಐದನೆಯ ದಿನ. ತಮ್ಮನ ಮಗ ಮೋನೆಗೆ ಫಿಟ್ಸ್ ಬಂದಿಲ್ಲ. ಮನೆಯಲ್ಲಿ ವಾರಕ್ಕೆ ಮೂರು ಸಲ ಬೀಳುವವನು ಇಲ್ಲಿ ಆರಾಮಾಗಿ ರಗ್ಬಿ ನೋಡುತ್ತಿದ್ದಾನೆ. ತಲೆತುಂಬ ವೈರು. ಗೋಡೆಯಲ್ಲಿ ಕ್ಯಾಮೆರಾ. ಬರಲಿ ಅಂತಲೇ ಮಾತ್ರೆ ನಿಲ್ಲಿಸಿದ್ದಾರೆ.
ಬಂದೊಡನೆ ನಾನು ಬಟನ್ ಒತ್ತಬೇಕು. ಇಪ್ಪತ್ತು ಸೆಕೆಂಡಿನೊಳಗೆ ನರ್ಸ್ ಔಷಧಿ ಚುಚ್ಚಬೇಕು. ಆಗ ಸ್ಕ್ಯಾನಿನಲ್ಲಿ ಫಿಟ್ಸ್ ಹುಟ್ಟುವ ಜಾಗ ಹೊಳೆಯುತ್ತದಂತೆ. ಜಾಗ ಸಿಕ್ಕಿದರೆ ಆಪರೇಷನ್. ಇಲ್ಲದಿದ್ದರೆ ಇಲ್ಲ. ಡಾಕ್ಟರ್ ಪ್ಯಾಸ್ಕೋ ಹತ್ತೊಂಬತ್ತು ವರ್ಷದಿಂದ ಇದೊಂದನ್ನೇ ಸಂಶೋಧಿಸುತ್ತಿರುವ ಹೆಂಗಸು. ಮಂಚ ಶುಕ್ರವಾರದವರೆಗೆ ಮಾತ್ರ ಅಂದಿದ್ದಾಳೆ.
ಮೋನೆ ಹೇಳಿದ: "ಅತ್ತೆ, ನೀವು ಹೀಗೆ ದಿಟ್ಟಿಸ್ತಾ ಕೂತ್ರೆ ಫಿಟ್ಸಿಗೂ ಬರೋಕೆ ಭಯ."
ನನಗೆ ನಗು ಬರಲಿಲ್ಲ.

ಜೂನ್ 5, ಬುಧವಾರ
ತಪ್ಪು ಮಾಡಿದೆ.
ಮಧ್ಯಾಹ್ನ ಅವನ ತಂಗಿ ಕಲೊಲೈನೆ ಊಟ ತಂದಳು — ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸ. ಬಾಗಿಲಲ್ಲೇ ಇಟ್ಟು ಹೋಗು ಅಂದಿದ್ದೆ. ಪೊಟ್ಟಣ ಬಿಸಿ ಇತ್ತು, ಒಳಗೆ ಬಂದಳು. ಅದೇ ಹೊತ್ತಿಗೆ ಮೋನೆಯ ಬಾಯಿ ಸೊಟ್ಟಗಾಯಿತು. ಹಾಸಿಗೆ ಒದ್ದೆ.
ನಾವು ಟೊಂಗಾ ದ್ವೀಪದವರು. ಬೆಳೆದ ಅಣ್ಣನೂ ತಂಗಿಯೂ ಒಂದೇ ಕೋಣೆಯಲ್ಲಿ ಟಿವಿ ಸಹ ನೋಡುವುದಿಲ್ಲ. ಇಂಥ ಸ್ಥಿತಿಯಲ್ಲಿ ಅವಳು ಅವನನ್ನು ನೋಡುವುದೇ... ಕಂಬಳಿ ಎಳೆದು ತಲೆಯಿಂದ ಕಾಲಿನವರೆಗೆ ಹೊದಿಸಿದೆ. ಹನ್ನೆರಡು ವರ್ಷದಿಂದ ಮಾಡುತ್ತ ಬಂದದ್ದು ಅದನ್ನೇ. ಚರ್ಚಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ.
ಬಟನ್ ನೆನಪಾಗುವ ಹೊತ್ತಿಗೆ ಮುಗಿದಿತ್ತು.
ಡಾಕ್ಟರ್ ಬಯ್ಯಲಿಲ್ಲ. ರೆಕಾರ್ಡಿಂಗ್ ಹಾಕಿ ತೋರಿಸಿದಳು. "ನೋಡಿ ಮೇಡಂ. ಯಾವ ಕೈ ಮೊದಲು ಎಳೀತು, ಕಣ್ಣು ಯಾವ ಕಡೆ ಹೋಯ್ತು, ಒಂದೂ ಕಾಣಲ್ಲ."
ನನ್ನ ಬೆನ್ನು. ನಮ್ಮವರು ಮರ್ಯಾದೆಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತುವ ಹೆಣೆದ ಚಾಪೆ. ಅಲುಗಾಡುವ ನೀಲಿ ಕಂಬಳಿ. ಬೇರೆ ಯಾರದೋ ಮನೆಯ ವಿಡಿಯೋ ನೋಡಿದ ಹಾಗಿತ್ತು.

ಜೂನ್ 7, ಶುಕ್ರವಾರ
11.20ಕ್ಕೆ ಬಂತು. ಕಲೊಲೈನೆಯನ್ನು ಕೆಳಗೆ ಕ್ಯಾಂಟೀನಿನಲ್ಲಿ ಕೂರಿಸಿದ್ದೆ. ಬಟನ್ ಒತ್ತಿದೆ. ಎರಡೂ ಕೈ ತೊಡೆಯ ಕೆಳಗಿಟ್ಟು ಕೂತೆ. ನರ್ಸ್ ಹೊದಿಕೆ ಪೂರ್ತಿ ತೆಗೆದಳು. ಬಲಗೈ ಮುದುಡಿತು, ಕಣ್ಣು ಮೇಲಕ್ಕೆ ಹೋಯಿತು. ಇಷ್ಟು ವರ್ಷ ಹೊದಿಸಿದ್ದೆ, ಆ ಮುಖ ನಾನೂ ನೋಡಿರಲಿಲ್ಲ.
ಹನ್ನೊಂದು ಸೆಕೆಂಡಿಗೆ ಚುಚ್ಚಿದರು. "ನಂಗೆ ಬೇಕಿದ್ದದ್ದು ಇದೇ" ಅಂದಳು ಡಾಕ್ಟರ್.
ಅವನ ಬಟ್ಟೆ ಸಿಂಕಿನಲ್ಲಿ ಒಗೆದೆ. ನೀರು ತಣ್ಣಗಿತ್ತೋ ಬಿಸಿ ಇತ್ತೋ ಗೊತ್ತಾಗಲಿಲ್ಲ.

ಜೂನ್ 24
ಜಾಗ ಸಿಕ್ಕಿದೆ. ಎಡಕಿವಿಯ ಮೇಲೆ. ಪರದೆಯ ಮೇಲೆ ಬಟಾಣಿಯಷ್ಟು ಕೆಂಪು. ಪಕ್ಕದಲ್ಲೇ ಮಾತಿನ ಜಾಗ. ತೆಗೆದರೆ ಫಿಟ್ಸ್ ನಿಲ್ಲಬಹುದು. ಕೆಲವು ಮಾತು ಹೋಗಬಹುದು. ಹೆಸರುಗಳು ಹೆಚ್ಚಾಗಿ.
"ಯಾರ ಹೆಸರು?" ಮೋನೆ ಕೇಳಿದ.
"ಮೊದಲೇ ಹೇಳೋಕಾಗಲ್ಲ" ಅಂದಳು ಡಾಕ್ಟರ್.
ನನ್ನ ಕಡೆ ತಿರುಗಿದ. ನನ್ನ ತಮ್ಮ ತೀರಿಹೋದ ಮೇಲೆ ಮಾತ್ರ ಅಲ್ಲ, ಅವನು ಬದುಕಿದ್ದಾಗಲೂ ಅವನ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ನನ್ನದೇ. ಅವರ ತಂದೆಯ ಅಕ್ಕ ನಾನು, ನಮ್ಮಲ್ಲಿ ಆ ಅಧಿಕಾರ ಅಕ್ಕನದು. ಮೋನೆಯ ಶಾಲೆ, ಕೆಲಸ, ಮುರಿದ ಮದುವೆ, ಎಲ್ಲ ನಾನು ಹೇಳಿದ್ದೇ.
"ಅತ್ತೆ, ಹೇಳಿ."
"ತಲೆ ನಿಂದು" ಅಂದೆ.
"ಅಂದ್ರೆ?"
"ಅಂದ್ರೆ ಅಷ್ಟೆ. ನೀನೇ ಹೇಳು."
ಪೆನ್ನು ಕೇಳಿದ. ಆಪರೇಷನ್ ಕಾಗದಕ್ಕೆ ಸಹಿ ಹಾಕಿದ. ತಡೆಯಬೇಕು ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ಜುಲೈ 17, ಬುಧವಾರ. ಬೆಳಿಗ್ಗೆ 6.40
ತಲೆ ಬೋಳಿಸಿದ್ದಾರೆ. ಹುಟ್ಟಿದಾಗ ಇದ್ದಂತೆಯೇ ಇದ್ದಾನೆ. ಐದು ಗಂಟೆಯಿಂದ ಒಬ್ಬೊಬ್ಬರ ಹೆಸರು ಹೇಳುತ್ತಿದ್ದ — ಅಪ್ಪ, ಅಮ್ಮ, ಕಲೊಲೈನೆ, ನಾಯಿ. ಒಮ್ಮೆ ಹೇಳಿಬಿಡುತ್ತೇನೆ ಅಂತ.
ಕರೆದುಕೊಂಡು ಹೋಗಲು ಬಂದರು. ಗಾಲಿಮಂಚದ ಜೊತೆ ಲಿಫ್ಟಿನವರೆಗೆ ನಡೆದೆ. ಅಲ್ಲಿ ತಿರುಗಿದ.
"ಮೆಲೆನೈಟೆ" ಅಂದ.
ನಮ್ಮಲ್ಲಿ ಅತ್ತೆಯ ಹೆಸರು ಹಿಡಿದು ಕರೆಯುವವರಿಲ್ಲ. ಬೇರೆ ದಿನವಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಹೂಂ ಅಂದೆ. ಇನ್ನೊಂದು ಸಲ ಅಂದ. ಹೂಂ, ಅಂದೆ. ಬಾಗಿಲು ಮುಚ್ಚುವಾಗ ಮತ್ತೆ ಬಾಯಿ ತೆರೆದ, ಕೇಳಿಸಲಿಲ್ಲ. ಮುಚ್ಚಿದ ಬಾಗಿಲಿಗೇ ಹೂಂ ಅಂದೆ.