ಹಿಂದಿನ ಬಾಗಿಲಿನ ಸದ್ದು

ನವೆಂಬರ್ 11, 2024. ಬೆಳಿಗ್ಗೆ 7.05

ಊಟಿಗೆ ಹೋಗುವ 6.40ರ ಬಸ್ಸು 6.46ಕ್ಕೆ ಹೋಯಿತು. ಆರು ನಿಮಿಷ ಲೇಟ್. ನಾನು ಡಿಪೋದಲ್ಲಿ ಟೈಂ ಕೀಪರ್ ಆಗಿದ್ದಾಗ ಇದಕ್ಕೆ ಮೆಮೊ ಕೊಡುತ್ತಿದ್ದೆ. ರಿಟೈರ್ ಆಗಿ ಒಂಬತ್ತು ವರ್ಷ. ಈಗ ನನ್ನ ಮೆಮೊಗೆ ಹೆದರುವವರು ನಮ್ಮೂರು ಇತ್ತಲಾರ್‌ನಲ್ಲಿ ಒಬ್ಬರೂ ಇಲ್ಲ.

ರಾಜಾಮಣಿ ಕಾಫಿ ತಂದಿಟ್ಟಳು. "ಮಾತ್ರೆ?" ಎಂದಳು. "ತಿಂದೆ" ಎಂದೆ. ಗಂಡ ಹೆಂಡತಿ ಮಾತು ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ನಾಯಿಯ ಹತ್ತಿರ ಶುರು ಮಾಡಿದಳು. "ಏನ ಚಿನ್ನ, ಚಳಿ ಆತಾ? ಎಲ್ಲಿ, ಆ ಕಾಲು ತೋರು…" ಇಪ್ಪತ್ತೆರಡು ನಿಮಿಷ. ಗಡಿಯಾರ ನೋಡಿಯೇ ಬರೆಯುತ್ತಿದ್ದೇನೆ.

ನವೆಂಬರ್ 13. ಸಂಜೆ 4.30

ನಿನ್ನೆಯ ಬಸ್ಸು 6.43 ಎಂದು ಬರೆದಿದ್ದೆ, ಹೋದದ್ದು 6.42ಕ್ಕೆ. ಗೆರೆ ಹೊಡೆದು ಸರಿ ಮಾಡಿದೆ. ಡಿಪೋದ ಕಾನೂನು — ತಪ್ಪು ಎಂಟ್ರಿ ಅಳಿಸಬಾರದು. ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಇನಿಶಿಯಲ್. ಎಚ್.ಜೆ. ಮೂವತ್ತಾರು ವರ್ಷದಲ್ಲಿ ಜೋಗಿ ಸುಳ್ಳು ಬರೆದ ಎಂದು ಯಾರೂ ಹೇಳಲಿಲ್ಲ.

ಈ ಪುಸ್ತಕವೂ ಹಾಗೆಯೇ ಇರಬೇಕು. ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿ ಓದಿದವನು, ಕನ್ನಡ ಬರೆಯುತ್ತೇನೆ. ರಾಜಾಮಣಿಗೆ ತಮಿಳು ಅಕ್ಷರ ಮಾತ್ರ. ಮನೆಯಲ್ಲಿ ಇದನ್ನು ಓದುವವರಿಲ್ಲ. ಒಳ್ಳೆಯದೇ ಆಯಿತು.

ನಾಯಿಯ ಹೆಸರು ಟಿಟ್ಲಿಸ್. ಇಟ್ಟವಳು ಅವಳು. 2018ರಲ್ಲಿ ಯೂರೋಪ್ ಟೂರ್ ಹೋದಾಗ ಸ್ವಿಸ್‌ನಲ್ಲಿ ಹತ್ತಿದ ಹಿಮದ ಬೆಟ್ಟದ ಹೆಸರು. ನಾಯಿ ಬಿಳಿ, ಅದಕ್ಕೆ. ಮಾರ್ಕೆಟ್ ಹತ್ತಿರ ಸಿಕ್ಕ ಬೀದಿನಾಯಿಗೆ ಸ್ವಿಸ್ ಹೆಸರು! ಹಟ್ಟಿಯವರು ಟಿಟ್ಲಿ ಟಿಟ್ಲಿ ಎನ್ನುತ್ತಾರೆ. ನನ್ನದೂ ಒಂದು ಇರಲಿ ಎಂದು ಹೋದ ವರ್ಷ ಬೆಕ್ಕಿನ ಮರಿ ತಂದೆ. ಮೂರೇ ದಿನ. ಅದೂ ಹೋಗಿ ಅವಳ ಮಡಿಲಲ್ಲಿ ಕೂತಿತು.

ನವೆಂಬರ್ 17. ಮಧ್ಯಾಹ್ನ 2

ಕೊಯಮತ್ತೂರಿನಿಂದ ಮಗಳು ಭವ್ಯಾ ವಿಡಿಯೋ ಕಾಲ್. "ಅಮ್ಮ, ಟಿಟ್ಲಿ ಎಲ್ಲಿ? ತೋರಿಸು." ನಾಯಿ ನೋಡಿದಳು, ಬೆಕ್ಕು ನೋಡಿದಳು. ಕೊನೆಗೆ, "ಅಪ್ಪ ಇದ್ದಾರಾ?" ಇದ್ದೇನೆ ತಾಯಿ, ಇನ್ನೂ ಇದ್ದೇನೆ.

ಊಟಕ್ಕೆ ನಾಲ್ಕು ಜನ ನೆಂಟರು. ಯೂರೋಪ್ ಮಾತು ಬಂತು. ನಾನು ಸ್ವಿಸ್ ಊರು ಲೂಸರ್ನ್ ಕಥೆ ಹೇಳಿದೆ. ಎಲ್ಲರಿಗೂ ಬಾಯಿಪಾಠ, ಆದರೂ ಕೇಳುತ್ತಾರೆ. ಬಸ್ಸಿನಲ್ಲಿ ನಾವು ಮೂವತ್ತೆರಡು ಜನ. ಪ್ರತಿ ಬೆಳಿಗ್ಗೆ ತಲೆ ಎಣಿಸುವ ಕೆಲಸ ನಾನೇ ಕೇಳಿ ವಹಿಸಿಕೊಂಡಿದ್ದೆ. "ಕಂಟ್ರೋಲರ್ ಸಾರ್" ಎಂದು ನನ್ನ ಹೆಸರು. ಲೂಸರ್ನ್ ಬಿಟ್ಟು ಮುಕ್ಕಾಲು ಗಂಟೆ ಆದ ಮೇಲೆ ನಮ್ಮಿಬ್ಬರ ಪಾಸ್‌ಪೋರ್ಟ್ ಚೀಲ ಹೋಟೆಲಿನಲ್ಲೇ ಉಳಿದಿದೆ ಎಂದು ಗೊತ್ತಾಯಿತು. ಗೈಡ್ ಕೂಗಾಡಿದ. ರಾಜಾಮಣಿ ಎದ್ದು ನಿಂತು, "ನಾನೇ ಮರೆತೆ, ಎಲ್ಲರೂ ಕ್ಷಮಿಸಬೇಕು" ಎಂದಳು. ಬಸ್ಸು ತಿರುಗಿತು. ರೈನ್ ಜಲಪಾತ ಎಲ್ಲರಿಗೂ ತಪ್ಪಿತು. "ಟೈಂ ಕೀಪರ್ ಹೆಂಡತಿಯಿಂದಲೇ ಬಸ್ಸು ಲೇಟ್!" ಎಂದು ಮುಗಿಸುತ್ತೇನೆ. ನೆಂಟರು ನಕ್ಕರು. ಅವಳು ನಾಯಿಗೆ ಅನ್ನ ಕಲಸಲು ಎದ್ದು ಹೋದಳು.

ನವೆಂಬರ್ 24. ಸಂಜೆ 5

ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

ಅಡಿಗೆಮನೆ ಕಿಟಕಿಯ ಹೊರಗೆ ಸಿಮೆಂಟ್ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದೆ. ಒಳಗೆ ಅವಳು ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ನಾಯಿ. ಅದಕ್ಕೆ ಸ್ಟೂಲು ಬೇರೆ! ಹೇಳುತ್ತಿದ್ದಳು —

"ಕೇಳು ಟಿಟ್ಲೀ. ಆ ಚೀಲ ತಲೆದಿಂಬಿನ ಅಡಿಗೆ ಮಡಗಿದ್ದು ಅವರು. ನಾ ಅಲ್ಲ. ಕಳ್ಳರ ಭಯ ಅಂತ ಬೆಳಗಿನ ಜಾವ ಎದ್ದು ಮಡಗಿದರು. ಬಸ್ಸಲ್ಲಿ ಅವರ ಮುಖ ನೋಡಿದೆ, ಬೆಳ್ಳಗೆ ಆಗಿತ್ತು. ಅಷ್ಟು ಜನದ ಮುಂದೆ ಕಂಟ್ರೋಲರ್ ಸಾರ್ ಮಾನ ಹೋಪ ಅಲ್ಲವಾ? ಅದಕ್ಕೆ ನಾನೇ ಅಂದೆ. ಆರು ವರ್ಷ ಆತು, ಇನ್ನೂ ಎನ್ನ ಮೇಲೇ ಹೇಳಿ ನಗುತ್ತಾರೆ. ಅವರಿಗೂ ಅದೇ ನಿಜ ಆಗಿ ಹೋತು. ನೀ ಯಾರಿಗೂ ಹೇಳಬೇಡ."

ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ಇದು ಬಾಲಕ್ಕೂ ಹೇಳಿರಲಿಕ್ಕಿಲ್ಲ. ಎಷ್ಟು ಸಲ ಕೇಳಿದೆಯೋ!

ನವೆಂಬರ್ 25. ಬೆಳಿಗ್ಗೆ 6.50

ಸುಳ್ಳು. ಚೀಲ ನಾನು ಇಟ್ಟಿಲ್ಲ.

ಬಸ್ಸು ನೋಡಲಿಲ್ಲ.

ಅದೇ ದಿನ, 11.15

ಚೀಲ ಸಿಕ್ಕಿದ್ದು ಕಿಟಕಿ ಕಡೆಯ ದಿಂಬಿನ ಕೆಳಗೆ. ಹೋಟೆಲಿನ ಹುಡುಗಿ ಕೈ ತೋರಿಸಿದ್ದು ನೆನಪಿದೆ. ಕಿಟಕಿ ಕಡೆ ಮಲಗಿದವನು ನಾನು. ಕಿಟಕಿಯಿಂದ ಸರೋವರ ಕಾಣುತ್ತದೆಂದು ಹಟ ಮಾಡಿ ಆ ಕಡೆ ಮಲಗಿದ್ದೆ.

ಹಾಗಾದರೆ ನಾನೇ.

ಇರಲಿ. ಮರೆಯದ ಮನುಷ್ಯ ಯಾರು? ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದ ನನಗೆ ಹೇಳದ್ದನ್ನು ಮೂರು ವರ್ಷದ ಹಿಂದೆ ಬಂದ ನಾಯಿಗೆ ಹೇಳಿದಳು. ಅದು ಎಲ್ಲ ಗೊತ್ತಿರುವ ಹಾಗೆ ನನ್ನ ಮುಖ ನೋಡುತ್ತದೆ. ಅವಳು ನರ್ಸ್ ಆಗಿದ್ದವಳು. ಈ ಸುತ್ತಿನ ಎಷ್ಟೋ ಹೆಂಗಸರ ಗುಟ್ಟು ಅವಳ ಹೊಟ್ಟೆಯಲ್ಲಿದೆ, ಒಂದೂ ಹೊರಗೆ ಬಂದದ್ದಿಲ್ಲ. ನನ್ನದು ಮಾತ್ರ ನಾಯಿಯ ಕಿವಿಗೆ ಹೋಯಿತು.

ನವೆಂಬರ್ 30. ಸಂಜೆ 6

ಮಸಿನಗುಡಿಯಲ್ಲಿ ಜೀಪ್ ಓಡಿಸುವ ಅಣ್ಣನ ಮಗ ಉಮೇಶನಿಗೆ ಫೋನ್ ಮಾಡಿದೆ. ನಾಯಿಯನ್ನು ಯಾವುದಾದರೂ ರೆಸಾರ್ಟಿಗೆ ಕೊಟ್ಟುಬಿಡು ಎಂದೆ.

"ಯಾಕೆ ಚಿಕ್ಕಪ್ಪ? ಕಚ್ಚಿತಾ?"

"ಇಲ್ಲೆ. ನಮಗೆ ವಯಸ್ಸಾತು."

"ಚಿಕ್ಕಮ್ಮ ಒಪ್ಪಿದರಾ?"

ಫೋನ್ ಇಟ್ಟೆ. ಆ ಮೂರ್ಖ ಅವಳಿಗೇ ಫೋನ್ ಮಾಡಿ ಕೇಳಿದ್ದಾನೆ! ಅವಳು ನಾಯಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಅಷ್ಟೇ. ಬೈದಿದ್ದರೆ ಅದೂ ಒಂದು ಮಾತಾಗುತ್ತಿತ್ತು.

ಡಿಸೆಂಬರ್ 9. ಬೆಳಿಗ್ಗೆ 9

ಟೀ ಎಲೆ ತೂಕ ಹಾಕುವ ಶೆಡ್ ಹತ್ತಿರ ಚಿರತೆಯ ಹೆಜ್ಜೆ. ಹಿಂದಿನ ಮನೆಯ ಕಲೈಸೆಲ್ವಿ ಬಂದು ಹೇಳಿದಳು. "ಮಾವ, ಕೆಳಗಿನ ಹಟ್ಟಿಲಿ ಎರಡು ನಾಯಿ ಹೋತು. ಐದೂವರೆ ಮೇಲೆ ಟಿಟ್ಲಿಯ ಹೊರಗೆ ಬುಡಬೇಡಿ."

ರಾಜಾಮಣಿ ಈಗ ಐದಕ್ಕೇ ನಾಯಿಯನ್ನು ಒಳಗೆ ಹಾಕುತ್ತಾಳೆ. ಹಿಂದಿನ ಬಾಗಿಲು ಮಳೆಗೆ ಉಬ್ಬಿದೆ. ದಢ್ ಎಂದು ಎಳೆದರೆ ಮಾತ್ರ ಕೂರುತ್ತದೆ, ಇಲ್ಲದಿದ್ದರೆ ಗಾಳಿಗೆ ತೆರೆದುಕೊಳ್ಳುತ್ತದೆ. ಎರಡೆರಡು ಸಲ ಎಳೆದು ನೋಡುತ್ತಾಳೆ. ಡಿಪೋದಿಂದ ನಾನು ಎಂಟಕ್ಕೆ ಬರಬೇಕಾದವನು ಹನ್ನೊಂದಕ್ಕೆ ಬಂದಾಗ ಇಷ್ಟು ಕಾದಿದ್ದಳೇ?

ಡಿಸೆಂಬರ್ 14. ಸಂಜೆ 7.20

ಟಿಟ್ಲಿಸ್ ಕಾಣುತ್ತಿಲ್ಲ. ರಾಜಾಮಣಿ 5.30ಕ್ಕೆ ಬಿಪಿ ಮಿಷನ್ ತೆಗೆದುಕೊಂಡು ಕಲೈಸೆಲ್ವಿಯ ಅತ್ತೆಯನ್ನು ನೋಡಲು ಹೋದಳು. ನಾನು ಟಿವಿ ಮುಂದೆ ಇದ್ದೆ. ಹಿಂದಿನ ಬಾಗಿಲು ತೆರೆದಿತ್ತು. ಹೋಗುವಾಗ ಅವಳು ಸರಿಯಾಗಿ ಎಳೆದಿರಲಿಲ್ಲ.

ಡಿಸೆಂಬರ್ 15. ಬೆಳಿಗ್ಗೆ 10

ಕೆಳಗಿನ ಟೀ ಗಿಡಗಳ ನಡುವೆ ಕೊರಳಪಟ್ಟಿ ಸಿಕ್ಕಿತು. ಗೆಜ್ಜೆ ಹಾಗೇ ಇದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿದಳು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತಳು. ಅವಳ ಅಮ್ಮ ಹೋದಾಗಲೂ ಹೀಗೆ ಅತ್ತಿರಲಿಲ್ಲ. ನಾನು ಹೋದರೆ ಇಷ್ಟು ಅಳುತ್ತಾಳೆಯೇ ಎಂದು ಅನಿಸಿತು. ಆ ಹೊತ್ತಿನಲ್ಲೂ ಅದೇ ಅನಿಸಿತು. ಥೂ.

ಡಿಸೆಂಬರ್ 18. ಮಧ್ಯಾಹ್ನ 3.10

ಹದಿನಾಲ್ಕರ ಎಂಟ್ರಿ ಸುಳ್ಳು.

ಅವಳು ಹೋಗುವಾಗ ಬಾಗಿಲು ಸರಿಯಾಗಿಯೇ ಎಳೆದಳು. ದಢ್ ಎಂದದ್ದು ಕೇಳಿದೆ. ನಾಯಿ ಬಾಗಿಲಿನ ಹತ್ತಿರ ಮಲಗಿ ಕುಂಯ್ ಕುಂಯ್ ಎನ್ನುತ್ತಿತ್ತು. ಅವಳು ಹೋದದ್ದು ಐವತ್ತು ಅಡಿ ದೂರ, ಅಷ್ಟಕ್ಕೇ ಅಳು. ಕರೆದೆ, ಬರಲಿಲ್ಲ. ಬಿಸ್ಕತ್ತು ಹಾಕಿದೆ, ಮೂಸಲಿಲ್ಲ. 5.50ಕ್ಕೆ ನಾನೇ ಬಾಗಿಲು ತೆಗೆದೆ. "ಹೋಗು, ಅವಳ ಹತ್ತಿರವೇ ಸಾಯಿ" ಎಂದೆ. ಅದು ಓಡಿತು. ಬಾಗಿಲು ಎಳೆದು ಮುಚ್ಚಿದೆ.

ಚಿರತೆಯ ವಿಷಯ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಸಾಯಲಿ ಎಂದಲ್ಲ… ಹತ್ತು ನಿಮಿಷ ಅದು ಈ ಮನೆಯಲ್ಲಿ ಇರಬಾರದು ಎನಿಸಿತು. 6ಕ್ಕೆ ತೆಗೆದು ನೋಡಿದೆ. ಕೆಳಗಿನಿಂದ ಒಂದು ಸಲ ಬೊಗಳಿತು. ಅರ್ಧಕ್ಕೇ ನಿಂತಿತು. ಆಮೇಲೆ ಬಾಗಿಲು ಹಾಗೇ ತೆರೆದು ಬಿಟ್ಟೆ. ಅವಳು ಬಂದಾಗ, "ನೀನು ಸರಿಯಾಗಿ ಎಳೆದಿಲ್ಲ" ಎಂದೆ.

ಗೆರೆ ಹೊಡೆಯಲು ಪೆನ್ನು ಎತ್ತಿದೆ. ಆಗಲಿಲ್ಲ. ಗೆರೆ ಹೊಡೆದರೆ ಅವಳಿಗೂ ಹೇಳಬೇಕಾಗುತ್ತದೆ.

ಡಿಸೆಂಬರ್ 27. ಸಂಜೆ 5.40

ಒಂಬತ್ತು ದಿನ ಬರೆಯಲಿಲ್ಲ. ಇವತ್ತು ಬರೆಯಲು ಇದೆ — ಅವಳು ನನ್ನ ಜೊತೆ ಮಾತಾಡುತ್ತಿದ್ದಾಳೆ.

ಅಡಿಗೆಮನೆಯಲ್ಲಿ ಆ ಸ್ಟೂಲು ಖಾಲಿ ಇತ್ತು. "ಬಂದು ಕೂರಿ, ಒಬ್ಬಳೇ ಇರಲು ಆಗೋದಿಲ್ಲೆ" ಎಂದಳು. ಕೂತೆ. ಬೀನ್ಸ್ ಮುರಿಯುತ್ತಾ ಹೇಳಿದಳು. ಪ್ಯಾರಿಸ್ ಟವರಿನ ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳಂತೆ. ವೆನಿಸ್ ದೋಣಿಯಲ್ಲಿ ಅವಳಿಗೆ ತಲೆಸುತ್ತು, ನಾನು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದೆನಂತೆ. ಟಿಟ್ಲಿಸ್ ಬೆಟ್ಟದ ಮೇಲೆ ನನ್ನ ಕೈ ಹಿಡಿಯಬೇಕು ಅನಿಸಿತ್ತಂತೆ, ನಾನು ತಲೆ ಎಣಿಸುತ್ತಿದ್ದೆ. ಇದೆಲ್ಲ ನಾಯಿಗೆ ಎಂದೋ ಗೊತ್ತಿದ್ದದ್ದು. ಈಗ ನನಗೂ ಗೊತ್ತಾಯಿತು. ಇದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು? ಸಿಕ್ಕಿತು.

ಮಾತಿನ ನಡುವೆ ಅವಳ ಕೈ ತಾನಾಗಿ ಸ್ಟೂಲಿನ ಕಡೆ ಬಂತು, ತಲೆ ಸವರಲು. ನನ್ನ ಮೊಣಕಾಲು ಮುಟ್ಟಿ ನಿಂತಿತು.

ಜನವರಿ 1, 2025. ಮಧ್ಯಾಹ್ನ 1

ಗಿಡದ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಭವ್ಯಾ ಬಂದಿದ್ದಳು. ಕಲೈಸೆಲ್ವಿಯೂ ಬಂದಳು. ನಾಯಿಯ ಮಾತು ಬಂತು. ಹೇಗೆ ಹೋಯಿತು ಅಮ್ಮ ಎಂದು ಭವ್ಯಾ ಕೇಳಿದಳು.

ರಾಜಾಮಣಿ ನನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಬಾಗಿಲ ನಾನೇ ಸರಿಯಾಗಿ ಎಳೆಯಲಿಲ್ಲೆ. ಮರೆವು ಎನಗೆ ಹೊಸತಾ? ಲೂಸರ್ನಲ್ಲಿ ಪಾಸ್‌ಪೋರ್ಟ್ ಮರೆತವಳಲ್ಲವಾ ನಾನು" ಎಂದಳು.

ಭವ್ಯಾ ನಕ್ಕಳು. "ಅಪ್ಪ, ಆ ಕಥೆ ಹೇಳಿ" ಎಂದಳು. "ಇನ್ನೊಮ್ಮೆ ಹೇಳುತ್ತೇನೆ" ಎಂದೆ.

ಜನವರಿ 5. ಸಂಜೆ 5.55

ಕಲೈಸೆಲ್ವಿಯ ಅತ್ತೆಗೆ ಮಾತ್ರೆ ಚೀಟಿ ಕೊಡಲು ನಾನೇ ಹೋದೆ. ರಾಜಾಮಣಿ ನಮ್ಮ ಮನೆಯಲ್ಲೇ ಇದ್ದಳು. ಮುದುಕಿಯ ಮಂಚದ ಪಕ್ಕ, ರಾಜಾಮಣಿ ಬಿಪಿ ನೋಡಲು ಕೂರುವ ಕುರ್ಚಿಯಲ್ಲೇ ಕೂತೆ.

ದಢ್.

ನಮ್ಮ ಹಿಂದಿನ ಬಾಗಿಲು. ಪಕ್ಕದ ಕೋಣೆಯಲ್ಲೇ ಎಳೆದ ಹಾಗೆ ಕೇಳಿತು. ಕಲೈಸೆಲ್ವಿ ತಲೆಯನ್ನೂ ಎತ್ತಲಿಲ್ಲ. "ರಾಜಾಮಣಿ ಅತ್ತೆ ಒಲೆಗೆ ಸೌದೆ ತೆಗೆದರು ಕಾಣುತ್ತೆ. ನಿಂಗಳ ಬಾಗಿಲ ಸದ್ದು ದಿನವೂ ಹೀಗೇ ಮಾವ, ಈ ಕುರ್ಚಿವರೆಗೂ ಬರುತ್ತೆ" ಎಂದಳು.

ಹದಿನಾಲ್ಕರಂದು 5.50ಕ್ಕೆ ರಾಜಾಮಣಿ ಈ ಕುರ್ಚಿಯಲ್ಲಿದ್ದಳು. ತಾನು ಎಳೆದು ಬಂದ ಬಾಗಿಲು ಇಪ್ಪತ್ತು ನಿಮಿಷದ ಮೇಲೆ ಮತ್ತೆ ದಢ್ ಎಂದದ್ದು ಕೇಳಿದ್ದಾಳೆ. ಮನೆಯಲ್ಲಿ ಇದ್ದವನು ನಾನೊಬ್ಬನೇ. ಅವಳಿಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೇ ತಪ್ಪು ತನ್ನದು ಎಂದಳು. ಗೊತ್ತಿದ್ದೇ ಆ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದಳು.

6.20

ಡಿಸೆಂಬರ್ 14ರ ಪುಟ ತೆಗೆದೆ. ಕೊನೆಯ ಮೂರು ವಾಕ್ಯಕ್ಕೆ ಒಂದೇ ಗೆರೆ ಹೊಡೆದೆ, ಓದಲು ಬರುವ ಹಾಗೆ. ಪಕ್ಕದಲ್ಲಿ ಬರೆದೆ: 5.50, ಬಾಗಿಲು ತೆಗೆದು ನಾಯಿಯನ್ನು ಹೊರಗೆ ಬಿಟ್ಟವನು ನಾನು. ಎಚ್.ಜೆ.

ಇಷ್ಟು ಸಾಲದು. ಅವಳಿಗೆ ಈ ಅಕ್ಷರ ಓದಲು ಬರುವುದಿಲ್ಲ. ಭವ್ಯಾಗೂ ಫೋನ್ ಮಾಡಬೇಕು. ಕಲೈಸೆಲ್ವಿಗೂ ಹೇಳಬೇಕು. ಆ ನಾಲ್ಕು ಜನ ನೆಂಟರಿಗೂ. ಮೊದಲು ಅವಳಿಗೆ.

ಕರೆಯುತ್ತಿದ್ದಾಳೆ. "ಬನ್ನಿ, ಕಾಫಿ ಆರಿ ಹೋಪ." ಸ್ಟೂಲಿನ ಮೇಲೆ ಕೂರುವುದಿಲ್ಲ. ನಿಂತೇ ಹೇಳುತ್ತೇನೆ, ಅವಳು ಬಸ್ಸಿನಲ್ಲಿ ಎದ್ದು ನಿಂತ ಹಾಗೆ. ಮೊದಲು ಲೂಸರ್ನ್. ಆಮೇಲೆ ಬಾಗಿಲು. ಆಮೇಲೆ ಅವಳು ಏನು ಅಂದರೂ —