ಆಣೆ ಬೇಡವೆಂದ ಸಾಕಮ್ಮ

ಅಣ್ಣ,

ನೀನು ಎಲ್ಲಿದ್ದೀಯೋ ತಿಳಿಯದು. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು ಅನ್ನಿಸಿತು.

ಪಾಂಡವಪುರದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯುತ್ತಿದೆ. ನಿನ್ನ ಜೊತೆ ಕುಡಿಯುತ್ತಿದ್ದ ಆಲೆಮನೆ ಜವರಪ್ಪನನ್ನು ಅಲ್ಲಿಗೆ ಸೇರಿಸಲು ಅವನ ಹೆಂಡತಿ ಸಾಕಮ್ಮನ ಜೊತೆ ನಾನೂ ಹೋಗಿದ್ದೆ. ಬಾಗಿಲಲ್ಲೇ ಅವನ ತಾಯಿ ಮೊಮ್ಮಗನನ್ನು ಮುಂದೆ ನಿಲ್ಲಿಸಿದರು.

“ಮಗೀನ ತಲೆ ಮುಟ್ಟಿ ಆಣೆ ಮಾಡ್ಲಾ, ಇನ್ಮ್ಯಾಕೆ ಕುಡಿಯಕಿಲ್ಲ ಅಂತ.”

ಸಾಕಮ್ಮ ಮಗುವನ್ನು ಎತ್ತಿಕೊಂಡಳು. “ಆಣೆಗೀಣೆ ಬ್ಯಾಡ ಬುಡಿ ಅತ್ತೆ. ನಾಳೆ ತಪ್ಪಿ ಕುಡುದ್ಬುಟ್ರೆ ಮೊಕ ತೋರ್ಸಕ್ಕೆ ಎದ್ರಕಂಡು ಎಲ್ಲಿಗಾರ ಒಂಟೋಯ್ತಾರೆ. ಕುಡುದ್ರೂ ಇಲ್ಲಿಗೇ ಬರ್ಲಿ.”

“ನೀವು ತೀರ್ಮಾನ ಮಾಡ್ಕಳಿ, ಅಷ್ಟ್ರೊಳಗೆ ನಾನೊಂದು ಸಾರಾಯಿ ಪಾಕೀಟು ಆಕ್ಬತ್ತೀನಿ” ಎಂದ ಜವರಪ್ಪ. ಸಾಕಮ್ಮ ನಗುತ್ತಲೇ ಅವನನ್ನು ಒಳಗೆ ತಳ್ಳಿದಳು.

ನಾನು ಹೊರಗೇ ನಿಂತೆ. ಅವ್ವ ನಿನ್ನ ಕೈಯನ್ನು ನಿನ್ನ ಮಗಳು ಪವಿತ್ರಳ ತಲೆಯ ಮೇಲೆ ಇಡಿಸಿದಾಗ ನಾವೆಲ್ಲ ಸುತ್ತ ನಿಂತಿದ್ದೆವು. ನಿನಗೆ ಒಳ್ಳೆಯದಾಗಲಿ ಎಂದೇ ನಿಂತಿದ್ದೆವು. ಹಬ್ಬದ ದಿನ ನೀನು ಕುಡಿದು ಆಣೆ ತಪ್ಪಿದೆ. ಮರುದಿನ ಅವಳಿಗೆ ಜ್ವರ ಬಂತು. ಅವಳ ಹಣೆ ಮುಟ್ಟಿ ನೋಡಿ, ನೀನು ಯಾರಿಗೂ ಹೇಳದೆ ಹೊರಟುಹೋದೆ.

ಅಣ್ಣ, ಆ ಜ್ವರ ಸಂಜೆಗೇ ಇಳಿಯಿತು. ಪವಿತ್ರ ಈಗ ನನಗಿಂತ ಎತ್ತರ ಬೆಳೆದಿದ್ದಾಳೆ.